ಗೊಬ್ಬರಕ್ಕೂ ಒಂದು ಪಂಚಾಂಗ

ಪ್ರಶ್ನೆ: ನಾವು ಮೈಸೂರಿನವರು. ಮನೆಯ ಸುತ್ತ ಇರುವ ಅಷ್ಟಿಷ್ಟು ಜಾಗದಲ್ಲಿ ಒಂದು ತೆಂಗು, ಒಂದು ನಿಂಬೆ, ಕರಿಬೇವು, ದಾಸವಾಳ, ಮಲ್ಲಿಗೆ ಇವೆ. ತಾರಸಿಯ ಮೇಲೆ ಕುಂಡಗಳಲ್ಲಿ ಗುಲಾಬಿ, ಟೊಮೆಟೊ, ಬದನೆ, ಮೆಣಸಿನಕಾಯಿ, ಒಂದಿಷ್ಟು ಸೊಪ್ಪು ಬೆಳೆಯುತ್ತೇವೆ. ಗೊಬ್ಬರದ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನರ್ಸರಿಯವರು ಹದಿನೈದು ದಿನಕ್ಕೊಮ್ಮೆ ಹಾಕಿ ಎನ್ನುತ್ತಾರೆ. ನಮ್ಮ ಅತ್ತೆ ವರ್ಷಕ್ಕೆ ಒಂದೆರಡು ಸಲ ಹಾಕಿದರೆ ಸಾಕು ಎನ್ನುತ್ತಿದ್ದರು. ಯಾವ ತಿಂಗಳು, ಯಾವ ಗಿಡಕ್ಕೆ, ಏನು, ಎಷ್ಟು ಎಂದು ಒಂದು ಪಟ್ಟಿ ಮಾಡಿಕೊಡುತ್ತೀರಾ? ಇನ್ನೊಂದು ವಿಷಯ: ಪ್ರತಿ ಏಪ್ರಿಲ್‌ನಲ್ಲಿ ಮೂರು ವಾರ ಮಗಳ ಮನೆಗೆ ಹೋಗುತ್ತೇವೆ. ಹೊರಡುವ ಮುಂಚೆ ಸ್ವಲ್ಪ ಜಾಸ್ತಿಯೇ ಗೊಬ್ಬರ ಹಾಕಿಟ್ಟು ಹೋಗಬಹುದೇ?

ಉತ್ತರ: ನರ್ಸರಿಯವರು ಹೇಳಿದ್ದೂ ಸರಿ, ನಿಮ್ಮ ಅತ್ತೆ ಹೇಳುತ್ತಿದ್ದುದೂ ಸರಿ. ಅವರ ಕಣ್ಣ ಮುಂದೆ ಇದ್ದದ್ದು ಕುಂಡ, ಇವರ ಕಣ್ಣ ಮುಂದೆ ಇದ್ದದ್ದು ಹಿತ್ತಲು. ನೆಲದಲ್ಲಿ ನಿಂತ ಗಿಡದ ಬೇರು ತನಗೆ ಬೇಕಾದ್ದನ್ನು ಹುಡುಕಿಕೊಂಡು ಅಡಿಗಟ್ಟಲೆ ಹೋಗುತ್ತದೆ. ಉದುರಿದ ಎಲೆ, ಸತ್ತ ಬೇರು ಕೊಳೆತು ಅದಕ್ಕೆ ಒಂದಿಷ್ಟು ಸಾರ ಒದಗುತ್ತಲೇ ಇರುತ್ತದೆ. ಕುಂಡದ ಗಿಡಕ್ಕೆ ಹನ್ನೆರಡು ಇಂಚಿನಾಚೆ ಲೋಕವೇ ಇಲ್ಲ. ದಿನಾ ಹಾಕುವ ನೀರು ತಳದ ತೂತಿನಿಂದ ಹೊರಬೀಳುವಾಗ ಕರಗಿದ ಸಾರವನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ನಿಮಗೆ ಬೇಕಾದದ್ದು ಒಂದು ಪಟ್ಟಿಯಲ್ಲ, ಎರಡು. ನೆಲದ ಗಿಡಕ್ಕೆ ವರ್ಷದಲ್ಲಿ ಎರಡು ಸಲ, ಧಾರಾಳವಾಗಿ. ಕುಂಡದ ಗಿಡಕ್ಕೆ ಆಗಾಗ, ಚೂರುಚೂರು.

ಪಟ್ಟಿ ಕೊಡುತ್ತೇನೆ, ಆದರೆ ಜನವರಿಯಿಂದ ಶುರು ಮಾಡುವುದಿಲ್ಲ. ಮನೆಯಲ್ಲಿ ಗೋಡೆ ಕ್ಯಾಲೆಂಡರ್ ಇದ್ದರೆ ದಪ್ಪ ಅಂಕಿಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಮಳೆ ನಕ್ಷತ್ರದ ಹೆಸರು ಇರುತ್ತದೆ, ನೋಡಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಯ ಮಳೆಗೆ ಆ ನಕ್ಷತ್ರದ ಹೆಸರು. ನಮ್ಮ ಬೇಸಾಯಗಾರರು ಬಿತ್ತನೆ, ನಾಟಿ, ಗೊಬ್ಬರ ಎಲ್ಲವನ್ನೂ ಈ ಲೆಕ್ಕದಲ್ಲೇ ನಡೆಸಿಕೊಂಡು ಬಂದವರು. ಹಿತ್ತಲಿಗೂ ಇದೇ ಲೆಕ್ಕ ಸರಿಹೋಗುತ್ತದೆ. ಏಕೆಂದರೆ ಗೊಬ್ಬರ ಗಿಡಕ್ಕೆ ದಕ್ಕುವುದು ಮಣ್ಣಿನಲ್ಲಿ ತೇವ ಇದ್ದಾಗ ಮಾತ್ರ. ಒಣ ಮಣ್ಣಿಗೆ ಹಾಕಿದ ಹಿಂಡಿ ಹಾಗೇ ಬಿದ್ದಿರುತ್ತದೆ, ಯೂರಿಯಾವಾದರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಅತಿ ಮಳೆಯಲ್ಲಿ ಹಾಕಿದರೆ ಸಾರಜನಕ ನೀರಿನ ಜೊತೆ ಬೇರಿನ ಕೆಳಕ್ಕೆ ಇಳಿದುಬಿಡುತ್ತದೆ. ನೈಟ್ರೇಟ್ ರೂಪದ ಸಾರಜನಕವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಜೇಡಿಮಣ್ಣಿಗೂ ಇಲ್ಲ.

ಮೈಸೂರಿನ ಮಳೆಗೆ ಅದರದೇ ನಡೆ ಇದೆ. ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್. ಮಳೆಗಾಲ ಎಂದರೆ ಜೂನ್-ಜುಲೈ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ನಿಮ್ಮ ಊರಿನಲ್ಲಿ ನೆಲ ನೆನೆಯುವ ಮಳೆ ಬರುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ನಡುವಿನ ಎರಡು ಮೂರು ತಿಂಗಳು ಮೋಡ, ಗಾಳಿ, ಜಿಟಿಜಿಟಿ. ನೆಲದ ಗಿಡಗಳ ಎರಡು ದೊಡ್ಡ ಊಟಗಳು ಈ ಎರಡು ಮಳೆಗಳಿಗೆ ಹೊಂದಿಕೊಂಡಿರಬೇಕು. ಉಳಿದದ್ದೆಲ್ಲ ಇದರ ಸುತ್ತ.

ಮೊದಲನೆಯ ಸಲ ಭರಣಿ ಅಥವಾ ಕೃತ್ತಿಕೆ ಮಳೆಯಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಮೇ 24ರ ಒಳಗೆ. ಮೊದಲ ಮಳೆ ಬಿದ್ದ ಮಾರನೆಯ ದಿನವೇ ಗುದ್ದಲಿ ಹಿಡಿಯಬೇಡಿ. ಎರಡು ಒಳ್ಳೆಯ ಮಳೆಯಾಗಿ, ಒಂದು ಗೇಣು ಆಳದವರೆಗೆ ಮಣ್ಣು ನೆನೆದಿದೆಯೇ ಎಂದು ಕೆದಕಿ ನೋಡಿ. ಬೇಸಿಗೆಯಲ್ಲಿ ಕಾದ ನೆಲಕ್ಕೆ ನೀರು ಬಿದ್ದಾಗ ಮಣ್ಣಿನ ಸೂಕ್ಷ್ಮಜೀವಿಗಳು ಒಮ್ಮೆಲೇ ಎಚ್ಚರಗೊಂಡು, ಅಲ್ಲಿದ್ದ ಒಣ ಕಸಕಡ್ಡಿಯನ್ನೆಲ್ಲ ಕೊಳೆಸಿ ಒಂದಿಷ್ಟು ಸಾರಜನಕ ಬಿಡುತ್ತವೆ. ಮೇ ಮಳೆಯ ನಂತರ ನೀವೇನೂ ಹಾಕದಿದ್ದರೂ ಗಿಡಗಳು ಹಸಿರಾಗುವುದು ಇದರಿಂದ. ಈ ಪುಕ್ಕಟೆ ಊಟ ಮುಗಿಯುವ ಹೊತ್ತಿಗೆ ನಿಮ್ಮ ಗೊಬ್ಬರ ಬೀಳಬೇಕು.

ತೆಂಗಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಮನೆಯ ತೆಂಗಿಗೆ ಗೊಬ್ಬರ ಹಾಕಬೇಕು ಎಂಬುದೇ ಬಹಳ ಜನಕ್ಕೆ ಹೊಳೆಯುವುದಿಲ್ಲ. ಕಾಯಿ ಇಳಿಸುವಾಗ ಮಾತ್ರ ಅದರ ನೆನಪಾಗುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು ಹೀಗಿದೆ: ಫಲ ಕೊಡುವ ಒಂದು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್, ಜೊತೆಗೆ ಸುಮಾರು 50 ಕೆಜಿ ಕೊಟ್ಟಿಗೆ ಗೊಬ್ಬರ. ಅಂಗಡಿಯ ಲೆಕ್ಕಕ್ಕೆ ತಂದರೆ ಹೆಚ್ಚುಕಡಿಮೆ 1.1 ಕೆಜಿ ಯೂರಿಯಾ, 2 ಕೆಜಿ ಸೂಪರ್ ಫಾಸ್ಫೇಟ್, 2 ಕೆಜಿ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಮೂರರಲ್ಲಿ ಒಂದು ಪಾಲು ಮೇ-ಜೂನ್‌ನಲ್ಲಿ, ಎರಡು ಪಾಲು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಪೊಟ್ಯಾಷ್ ಪ್ರಮಾಣ ಸಾರಜನಕದ ಸುಮಾರು ಎರಡೂವರೆ ಪಟ್ಟು ಇದೆ, ಗಮನಿಸಿ. ತೆಂಗು ಪೊಟ್ಯಾಷ್ ಮರ. ಬರೀ ಸಗಣಿ ಗೊಬ್ಬರ ಕಂಡ ಮರ ಗರಿ ಹಸಿರಾಗಿಟ್ಟುಕೊಂಡು ಕಾಯಿ ಕಡಿಮೆ ಕೊಡುತ್ತದೆ. ರಾಸಾಯನಿಕ ಬೇಡ ಎನ್ನುವವರು ಸೌದೆ ಒಲೆಯ ಬೂದಿ ಸಿಕ್ಕರೆ ಬಿಡಬೇಡಿ, ಅದರಲ್ಲಿ ಪೊಟ್ಯಾಷ್ ಇದೆ. ಆದರೆ ಬೂದಿಯನ್ನೂ ಯೂರಿಯಾವನ್ನೂ ಒಟ್ಟಿಗೆ ಹಾಕಬಾರದು. ಬೂದಿಯ ಕ್ಷಾರ ತಾಗಿದರೆ ಸಾರಜನಕ ಆವಿಯಾಗಿ ಹೋಗುತ್ತದೆ.

ಎಲ್ಲಿ ಹಾಕಬೇಕು ಎಂಬುದು ಎಷ್ಟು ಹಾಕಬೇಕು ಎಂಬುದರಷ್ಟೇ ಮುಖ್ಯ. ಕಾಂಡದ ಬುಡಕ್ಕೆ ಗುಡ್ಡೆ ಹಾಕಿ ನೀರು ಸುರಿಯುವುದು ನಮ್ಮ ಬೀದಿ ಬೀದಿಗಳಲ್ಲೂ ಕಾಣುವ ದೃಶ್ಯ. ಬುಡದಲ್ಲಿರುವುದು ಮರವನ್ನು ಹಿಡಿದು ನಿಲ್ಲಿಸುವ ದಪ್ಪ ಬೇರುಗಳು. ಸಾರ ಹೀರುವ ಎಳೆ ಬೇರುಗಳು ಆಚೆ ಇರುತ್ತವೆ. ನಿಂಬೆ, ಕರಿಬೇವು, ದಾಸವಾಳಕ್ಕಾದರೆ ಮಧ್ಯಾಹ್ನ ಹನ್ನೆರಡಕ್ಕೆ ಗಿಡದ ನೆರಳು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಒಂದು ಸುತ್ತು, ನಾಲ್ಕು ಬೆರಳು ಆಳಕ್ಕೆ ಮಣ್ಣು ತೆಗೆಯಿರಿ. ತೆಂಗಿಗೆ ಬುಡದಿಂದ ಆರಡಿಯವರೆಗೆ ಪಾತಿ. ಗೊಬ್ಬರ ಹರಡಿ, ತೆಗೆದ ಮಣ್ಣು ಮುಚ್ಚಿ, ಮೇಲೆ ತರಗೆಲೆ ಹಾಸಿ. ಮಣ್ಣು ಮುಚ್ಚದೆ ಬಿಟ್ಟರೆ ಹಿಂಡಿಯ ವಾಸನೆಗೆ ರಾತ್ರಿ ಹೆಗ್ಗಣ ಬಂದು ಅಗೆಯುತ್ತದೆ. ಮೂಳೆ ಪುಡಿಯಾದರೆ ಬೀದಿನಾಯಿಯೂ ಬರುತ್ತದೆ.

ನಿಮ್ಮ ನಿಂಬೆಗೆ ಈ ಮೇ ಸರದಿಯಲ್ಲಿ ಎರಡು ಮಂಕರಿ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಕೆಜಿ ಬೇವಿನ ಹಿಂಡಿ. ಕರಿಬೇವು, ದಾಸವಾಳ, ಮಲ್ಲಿಗೆಗೆ ಒಂದೊಂದು ಬಾಂಡ್ಲಿ ಗೊಬ್ಬರ, ನಾಲ್ಕೈದು ಹಿಡಿ ಹಿಂಡಿ. ‘ಹಳೆಯ’ ಎಂದದ್ದನ್ನು ದಯವಿಟ್ಟು ಮರೆಯಬೇಡಿ. ಹಸಿ ಸಗಣಿ ಮಣ್ಣಿನಲ್ಲಿ ಕೊಳೆಯುವಾಗ ಬಿಸಿಯಾಗಿ ಬೇರನ್ನು ಸುಡುತ್ತದೆ. ಅರೆಬರೆ ಕೊಳೆತ ತಿಪ್ಪೆಗೊಬ್ಬರದ ಜೊತೆ ಗೊಣ್ಣೆಹುಳುವೂ ಮನೆಗೆ ಬರುತ್ತದೆ. ಇಂಗ್ಲಿಷಿನ ‘ಸಿ’ ಅಕ್ಷರದ ಹಾಗೆ ಮುದುರಿಕೊಂಡ ಬಿಳಿ ಹುಳು ಅದು, ಬೇರು ತಿನ್ನುತ್ತದೆ. ಹಳೆಯ ಗೊಬ್ಬರ ಕಪ್ಪಗಿರುತ್ತದೆ, ಉದುರುದುರಾಗಿರುತ್ತದೆ, ಕೈಯಲ್ಲಿ ಹಿಡಿದರೆ ಮಳೆ ಬಿದ್ದ ಮಣ್ಣಿನ ವಾಸನೆ ಕೊಡುತ್ತದೆ. ಸಗಣಿ ವಾಸನೆ ಇನ್ನೂ ಇದ್ದರೆ ಮೂಲೆಯಲ್ಲಿ ರಾಶಿ ಹಾಕಿ, ಗೋಣಿ ಮುಚ್ಚಿ, ಎರಡು ತಿಂಗಳು ಬಿಡಿ.

ಗೊಬ್ಬರ, ಹಿಂಡಿ, ಯೂರಿಯಾ ಎಂದು ಬಾಯಿಮಾತಿಗೆ ಒಟ್ಟಿಗೆ ಹೇಳುತ್ತೇವೆ, ಆದರೆ ಅವುಗಳ ಬಲದ ಅಂತರ ದೊಡ್ಡದು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡ ಅರ್ಧದ ಆಸುಪಾಸು. ಎರೆಗೊಬ್ಬರದಲ್ಲಿ ಒಂದೂವರೆ. ಹೊಂಗೆ ಹಿಂಡಿಯಲ್ಲಿ ನಾಲ್ಕು, ಬೇವಿನ ಹಿಂಡಿಯಲ್ಲಿ ಐದು, ಕಡಲೆಕಾಯಿ ಹಿಂಡಿಯಲ್ಲಿ ಏಳು. ಯೂರಿಯಾದಲ್ಲಿ 46. ಅಂದರೆ ಹತ್ತು ಕೆಜಿ ಕೊಟ್ಟಿಗೆ ಗೊಬ್ಬರದಲ್ಲಿರುವ ಸಾರಜನಕ ಮುಕ್ಕಾಲು ಕೆಜಿಗಿಂತ ಕಡಿಮೆ ಕಡಲೆಕಾಯಿ ಹಿಂಡಿಯಲ್ಲಿದೆ, ಒಂದೆರಡು ಹಿಡಿಯಷ್ಟು ಯೂರಿಯಾದಲ್ಲಿದೆ. ಹಾಗಾದರೆ ಮಂಕರಿ ಹೊರುವುದೇಕೆ ಎಂದು ಕೇಳಬಹುದು. ಮಂಕರಿ ಗೊಬ್ಬರ ಹಾಕುವುದು ಸಾರಜನಕಕ್ಕಾಗಿಯೇ ಅಲ್ಲ. ಮೈಸೂರಿನ ಕೆಂಪು ಮಣ್ಣು ಮಳೆ ಬಿದ್ದಾಗ ಅಂಟಾಗಿ, ಬಿಸಿಲು ಬಿದ್ದಾಗ ಇಟ್ಟಿಗೆಯಾಗುತ್ತದೆ. ಅದನ್ನು ಸಡಿಲ ಮಾಡಿ, ತೇವ ಹಿಡಿದಿಡುವ ಕೆಲಸ ಯೂರಿಯಾದಿಂದ ಆಗುವುದಿಲ್ಲ. ಕುಂಡಕ್ಕಂತೂ ಯೂರಿಯಾ ಹಾಕಲೇಬೇಡಿ ಎಂದು ನನ್ನ ಸಲಹೆ. ಅಷ್ಟು ಸಣ್ಣ ಜಾಗದಲ್ಲಿ ಅರ್ಧ ಚಮಚ ಹೆಚ್ಚಾದರೂ ಗಿಡ ಸುಟ್ಟು ಹೋಗುತ್ತದೆ.

ಹಿಂಡಿಗಳಲ್ಲಿ ಹರಳು ಹಿಂಡಿಯೂ ಉಂಟು, ಅಗ್ಗಕ್ಕೂ ಸಿಗುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಅದನ್ನು ತರಬೇಡಿ. ಹರಳು ಬೀಜದ ವಿಷ ಹಿಂಡಿಯಲ್ಲಿ ಉಳಿದಿರುತ್ತದೆ, ಅದರ ವಾಸನೆಗೆ ನಾಯಿಗಳು ಮಾರುಹೋಗಿ ತಿನ್ನುತ್ತವೆ, ಸಾಯುವುದೂ ಉಂಟು.

ಇನ್ನು ಜೂನ್‌ನಿಂದ ಆಗಸ್ಟ್‌ವರೆಗೆ, ಮೃಗಶಿರದಿಂದ ಮಖೆಯ ತನಕ. ನೆಲದ ಗಿಡಗಳ ಗೊಡವೆಗೆ ಹೋಗಬೇಡಿ, ಅವು ಮೇ ತಿಂಗಳ ಊಟವನ್ನು ಅರಗಿಸಿಕೊಳ್ಳುತ್ತಿರುತ್ತವೆ. ಈ ಕಾಲ ತಾರಸಿಯ ತರಕಾರಿಯದ್ದು. ಕುಂಡ ತುಂಬುವಾಗಲೇ ಮೂರನೇ ಒಂದು ಪಾಲು ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆತಿದ್ದರೆ ಸಸಿಗೆ ಮೊದಲ ಮೂರು ವಾರ ಏನೂ ಬೇಕಿಲ್ಲ. ಮೂರು ವಾರದ ಬಳಿಕ ಹಿಂಡಿ ನೀರು.

ಇದನ್ನು ಮಾಡುವ ಕ್ರಮ ಹೇಳುತ್ತೇನೆ. ನೂರು ಗ್ರಾಂ, ಅಂದರೆ ಎರಡು ಹಿಡಿಯಷ್ಟು ಕಡಲೆಕಾಯಿ ಹಿಂಡಿಯನ್ನು ಜಜ್ಜಿ, ಹಳೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಲೀಟರ್ ನೀರಿಗೆ ನೆನೆಹಾಕಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಅನಿಲ ಏಳುತ್ತದೆ. ದಿನಕ್ಕೊಮ್ಮೆ ಕೋಲಿನಿಂದ ಕದಡಿ. ಎರಡನೆಯ ದಿನ ಮೇಲೆ ನೊರೆ ಕಟ್ಟುತ್ತದೆ, ಮೂರನೆಯ ದಿನ ವಾಸನೆ ಶುರು. ಆ ವಾಸನೆಯನ್ನು ನಾನು ವರ್ಣಿಸುವುದಿಲ್ಲ. ನೆಂಟರು ಬರುವ ದಿನ ನೋಡಿಕೊಂಡು ನೆನೆಹಾಕಿ ಎಂದಷ್ಟೇ ಹೇಳಬಲ್ಲೆ. ನಾಲ್ಕನೆಯ ದಿನ ಅದನ್ನು ಬಕೆಟ್‌ಗೆ ಬಸಿದು ಒಟ್ಟು ಹತ್ತು ಲೀಟರ್ ಆಗುವಷ್ಟು ನೀರು ಸೇರಿಸಿ. ಬಣ್ಣ ನೀರು ಜಾಸ್ತಿಯಾದ ಚಹಾದಂತಿರಬೇಕು, ಅದಕ್ಕಿಂತ ಗಾಢವಾಗಿದ್ದರೆ ಇನ್ನಷ್ಟು ನೀರು. ಸಂಜೆ ಹೊತ್ತು, ಮೊದಲು ಬರೀ ನೀರು ಹಾಕಿ ಮಣ್ಣು ತೇವ ಮಾಡಿ, ಆಮೇಲೆ ಹನ್ನೆರಡು ಇಂಚಿನ ಕುಂಡಕ್ಕೆ ಅರ್ಧ ಲೀಟರ್. ಎಲೆಯ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಬಸಿದು ಉಳಿದ ಗಸಿಯನ್ನು ದಾಸವಾಳದ ಪಾತಿಗೆ ಹಾಕಿ ಮಣ್ಣು ಮುಚ್ಚಿ. ಹದಿನೈದು ದಿನಕ್ಕೊಮ್ಮೆ ಇದಿಷ್ಟು ಸಾಕು. ಉಡುಪಿಯ ಶಂಕರಪುರದ ಸುತ್ತ ಮಲ್ಲಿಗೆ ಬೆಳೆಯುವ ಮನೆಗಳಲ್ಲೂ ಕಡಲೆ ಹಿಂಡಿ ನೆನೆಸಿ ಹಾಕುವ ರೂಢಿಯಿದೆ. ಇದು ತಾರಸಿ ತೋಟದವರು ಮೊನ್ನೆ ಕಂಡುಹಿಡಿದದ್ದೇನಲ್ಲ.

ಟೊಮೆಟೊ, ಬದನೆ, ಮೆಣಸಿನಕಾಯಿ ಹೂ ಬಿಡಲು ಶುರುಮಾಡಿದ ಮೇಲೆ ಹಿಂಡಿ ನೀರನ್ನು ಅರ್ಧಕ್ಕೆ ಇಳಿಸಿ, ಕುಂಡಕ್ಕೆ ಒಂದು ಹಿಡಿ ಎರೆಗೊಬ್ಬರ, ಒಂದು ಚಮಚ ಬೂದಿ ಕೊಡಿ. ಸಾರಜನಕ ಹೆಚ್ಚಾದ ಟೊಮೆಟೊ ಎಲೆ ಬಿಡುತ್ತದೆ, ಕಾಂಡ ದಪ್ಪ ಮಾಡಿಕೊಳ್ಳುತ್ತದೆ, ಹೂ ಉದುರಿಸುತ್ತದೆ. ಟೊಮೆಟೊ ತಳ ಕಪ್ಪಾಗಿ ಕೊಳೆಯುವುದು ಕ್ಯಾಲ್ಸಿಯಂ ಕಾಯಿಗೆ ತಲುಪದೆ. ಬಹುಪಾಲು ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ನೀರು ಒಂದು ದಿನ ಹೆಚ್ಚು ಎರಡು ದಿನ ಇಲ್ಲ ಎಂಬಂತಾಗಿರುತ್ತದೆ. ಗೊಬ್ಬರ ಬದಲಿಸುವ ಮೊದಲು ನೀರಿನ ಕ್ರಮ ಸರಿಮಾಡಿ. ದಂಟು, ಮೆಂತ್ಯ, ಪಾಲಕ್‌ಗೆ ತಿಂಗಳ ಆಯುಸ್ಸು. ಮಡಿ ಮಾಡುವಾಗ ಹಾಕಿದ್ದೇ ಅವಕ್ಕೆ ಆಧಾರ, ಮಧ್ಯೆ ಒಂದು ಸಲ ಹಿಂಡಿ ನೀರು ಹಾಕಬಹುದು, ಕೀಳುವ ವಾರದಲ್ಲಿ ಬೇಡ. ಹುರುಳಿಕಾಯಿ, ಅವರೆ ಬೇರುಗಂಟಿನಲ್ಲಿ ತಾವೇ ಸಾರಜನಕ ಹಿಡಿದುಕೊಳ್ಳುತ್ತವೆ. ಅವುಗಳಿಗೆ ಹಿಂಡಿ ಖರ್ಚು ಮಾಡಬೇಡಿ. ನಾಟಿ ಅವರೆ ಹೂ ಬಿಡುತ್ತಿಲ್ಲ ಎಂದು ಸೆಪ್ಟೆಂಬರ್‌ನಲ್ಲಿ ಗೊಬ್ಬರ ಸುರಿಯುವವರನ್ನು ಕಂಡಿದ್ದೇನೆ. ಅದು ಹಗಲು ಚಿಕ್ಕದಾಗುವುದನ್ನೇ ಕಾಯುವ ಬಳ್ಳಿ, ಗೊಬ್ಬರಕ್ಕೆ ಸೊಪ್ಪು ಬೆಳೆಸುತ್ತದೆ ಅಷ್ಟೇ.

ಇದೇ ಪ್ರಶ್ನೆಯನ್ನು ಮಂಗಳೂರಿನವರು ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಅಲ್ಲಿ ಜುಲೈ ಒಂದರಲ್ಲೇ ಬೀಳುವ ಮಳೆ ನಿಮ್ಮ ಊರಿನ ವರ್ಷದ ಮಳೆಯನ್ನು ಮೀರಿಸುತ್ತದೆ. ಜೂನ್ ಮಧ್ಯದಿಂದ ಆಗಸ್ಟ್ ಕೊನೆವರೆಗೆ ಅಲ್ಲಿನ ನೆಲಕ್ಕೆ ಹಾಕಿದ ಗೊಬ್ಬರ ತೋಡಿನ ಪಾಲು. ಜಂಬಿಟ್ಟಿಗೆ ಮಣ್ಣು ಹುಳಿ ಬೇರೆ, ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಗಿಡಕ್ಕೆ ಸಿಗದಂತೆ ಕಟ್ಟಿಹಾಕುತ್ತವೆ. ಸುಣ್ಣ ಹಾಕುವುದೂ, ತರಗು-ಕಡ್ಡಿ-ಮಣ್ಣು ಪದರ ಪದರವಾಗಿ ಒಟ್ಟಿ ಸುಟ್ಟು ಸುಡುಮಣ್ಣು ಮಾಡಿ ತೊಂಡೆ, ಬದನೆಗೆ ಹಾಕುವುದೂ ಆ ನೆಲ ಕಲಿಸಿದ ಪಾಠ. ಆ ಕಡೆಯ ನೆಂಟರು ಹೇಳಿದರೆಂದು ನೀವು ಮೈಸೂರಿನಲ್ಲಿ ಸುಣ್ಣ ಹಾಕಲು ಹೋಗಬೇಡಿ. ನಿಮ್ಮಲ್ಲಿ ಬೋರ್‌ವೆಲ್ ನೀರಿದ್ದರಂತೂ ಸುಣ್ಣದ ಅಂಶ ಆಗಲೇ ಬೇಡವೆನ್ನುವಷ್ಟಿರುತ್ತದೆ.

ಎರಡನೆಯ ದೊಡ್ಡ ಸರದಿ ಹುಬ್ಬೆ, ಉತ್ತರೆ ಮಳೆಯ ಹೊತ್ತಿಗೆ. ಗೌರಿ-ಗಣೇಶ ಮುಗಿದು ದಸರೆ ಬರುವುದರೊಳಗೆ ಎಂದು ನೆನಪಿಟ್ಟುಕೊಳ್ಳಿ. ತೆಂಗಿಗೆ ಉಳಿದ ಎರಡು ಪಾಲು. ನಿಂಬೆಗೆ, ದಾಸವಾಳಕ್ಕೆ ಮೇ ತಿಂಗಳ ಅರ್ಧದಷ್ಟು. ಹಸ್ತ, ಚಿತ್ತೆಯವರೆಗೂ ಮಳೆ ಇರುವುದರಿಂದ ಇದು ನಿಧಾನವಾಗಿ ಇಳಿಯುತ್ತದೆ. ಕರಿಬೇವಿನ ತುದಿಗಳನ್ನು ಈಗ ಧಾರಾಳವಾಗಿ ಮುರಿಯಿರಿ. ಒಂದೊಂದೇ ಎಲೆ ಕಿತ್ತು ಒಗ್ಗರಣೆಗೆ ಹಾಕುವ ಮನೆಯ ಕರಿಬೇವು ಕೋಲಿನ ಹಾಗೆ ಮೇಲಕ್ಕೆ ಹೋಗುತ್ತದೆ. ಕಡ್ಡಿ ಸಮೇತ ಮುರಿದರೆ ಪಕ್ಕದಿಂದ ಕವಲೊಡೆದು, ಹಾಕಿದ ಗೊಬ್ಬರ ಎಲೆಯಾಗುತ್ತದೆ.

ಗುಲಾಬಿಗೆ ಈ ಸರದಿಯಲ್ಲಿ ಏನೂ ಕೊಡಬೇಡಿ. ಅದರ ಲೆಕ್ಕ ಬೇರೆ. ಮಳೆ ಹಿಂದಾಗುವ ಸ್ವಾತಿಯ ಹೊತ್ತಿಗೆ, ದೀಪಾವಳಿಯ ಆಚೀಚೆ, ಹಳೆಯ ರೆಂಬೆಗಳನ್ನು ಸವರಿ ಪೆನ್ಸಿಲ್ ದಪ್ಪದ ನಾಲ್ಕೈದು ಕಡ್ಡಿ ಬಿಡಿ. ಕತ್ತರಿ ಹಾಕಿದ ದಿನವೇ ಗೊಬ್ಬರ ಹಾಕಿದರೆ ತಿನ್ನುವ ಬಾಯಿ ಇರುವುದಿಲ್ಲ. ಹತ್ತು ಹನ್ನೆರಡು ದಿನಕ್ಕೆ ಕಡ್ಡಿಯ ಕಣ್ಣುಗಳು ಕೆಂಪಾಗಿ ಉಬ್ಬುತ್ತವೆ. ಆಗ ಕುಂಡದ ಮೇಲಿನ ಎರಡಿಂಚು ಮಣ್ಣು ತೆಗೆದು, ಅಷ್ಟೇ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಅರ್ಧ ಹಿಡಿ ಮೂಳೆ ಪುಡಿ ಬೆರೆಸಿ ತುಂಬಿ. ಮೊಗ್ಗು ಕಾಣುವವರೆಗೆ ಹದಿನೈದು ದಿನಕ್ಕೊಮ್ಮೆ ಹಿಂಡಿ ನೀರು. ಸವರಿದ ದಿನದಿಂದ ಆರೇಳು ವಾರಕ್ಕೆ ಹೂ. ಜನವರಿ 26ರ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಹೂ ಬೇಕೆನ್ನುವವರು ಕತ್ತರಿಯ ದಿನವನ್ನು ಹಿಂದಕ್ಕೆ ಎಣಿಸಿ ಗೊತ್ತುಮಾಡಿಕೊಳ್ಳುವುದು ಇದರಿಂದಲೇ.

ಡಿಸೆಂಬರ್, ಜನವರಿಯ ಮಾಗಿಯಲ್ಲಿ ಉಳಿದೆಲ್ಲಕ್ಕೂ ರಜೆ. ಮಣ್ಣು ತಣ್ಣಗಾದಾಗ ಹಿಂಡಿಯನ್ನು ಕರಗಿಸಬೇಕಾದ ಜೀವಿಗಳ ಕೆಲಸವೂ ನಿಧಾನವಾಗುತ್ತದೆ, ಗಿಡದ ಬೆಳವಣಿಗೆಯೂ ನಿಧಾನ. ಈಗ ಹಾಕಿದ್ದು ನಿದ್ದೆಯಲ್ಲಿರುವವರ ಎದುರು ಎಲೆ ಹಾಕಿ ಬಡಿಸಿದಂತೆ. ದಾಸವಾಳ ಒಂದಿಷ್ಟು ಎಲೆ ಹಳದಿ ಮಾಡಿ ಉದುರಿಸಬಹುದು. ಅದಕ್ಕೆ ಗಾಬರಿಯಾಗಿ ಹಿಂಡಿ ಡಬ್ಬಿ ತೆಗೆಯಬೇಡಿ.

ಮಾಗಿಯಲ್ಲೂ ನಿಮ್ಮ ಕೈಗೆ ಕೆಲಸ ಕೊಡುವುದು ಮಲ್ಲಿಗೆ ಒಂದೇ. ಡಿಸೆಂಬರ್‌ನಲ್ಲಿ ಅದಕ್ಕೆ ನೀರು ತಗ್ಗಿಸಿ, ಕೊನೆಯ ಹೊತ್ತಿಗೆ ಎಲೆಗಳನ್ನು ಸವರಿ, ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ. ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದಾಗ ಬುಡ ಬಿಡಿಸಿ ಒಂದು ಬಾಂಡ್ಲಿ ಗೊಬ್ಬರ, ನಾಲ್ಕು ಹಿಡಿ ಕಡಲೆಕಾಯಿ ಹಿಂಡಿ, ಎರಡು ಹಿಡಿ ಮೂಳೆ ಪುಡಿ ಹಾಕಿ, ಆಗಿನಿಂದ ನೀರು ಬಿಡಿ. ಶಿವರಾತ್ರಿಗೆ ಚಿಗುರು, ಯುಗಾದಿಯ ಸುಮಾರಿಗೆ ಮೊಗ್ಗು. ನೀರು ತಗ್ಗಿಸದೆ, ಕತ್ತರಿಸದೆ, ವರ್ಷವಿಡೀ ಗೊಬ್ಬರ ಹಾಕಿಸಿಕೊಂಡ ಮಲ್ಲಿಗೆ ಕಾಂಪೌಂಡ್ ದಾಟಿ ಹಬ್ಬುತ್ತದೆ, ಹೂ ಮಾತ್ರ ಪೂಜೆಗೂ ಸಾಲದು.

ಪಟ್ಟಿ ಇಷ್ಟೇ. ಆದರೆ ಪಟ್ಟಿಯನ್ನು ನಂಬುವ ಮೊದಲು ಎಲೆಯನ್ನು ಓದುವುದು ಕಲಿಯಿರಿ. ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾಗುತ್ತಾ ಬಂದರೆ ಸಾರಜನಕ ಸಾಲದು. ಹಳೆಯ ಎಲೆಯ ಅಂಚು ಮಾತ್ರ ಸುಟ್ಟಂತೆ ಕಂದಾದರೆ ಪೊಟ್ಯಾಷ್. ಹಳೆಯ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಇದ್ದರೆ ಮೆಗ್ನೀಸಿಯಂ. ಅದೇ ಚಿತ್ರ ತುದಿಯ ಎಳೆಯ ಎಲೆಯಲ್ಲಿ ಕಂಡರೆ ಕಬ್ಬಿಣ. ಗಡಸು ನೀರು ಕುಡಿಯುವ ನಿಂಬೆ, ಗುಲಾಬಿ, ದಾಸವಾಳಗಳಲ್ಲಿ ಇದು ಪದೇ ಪದೇ ಕಾಣುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಕ್ಷಾರದಿಂದಾಗಿ ಬೇರಿಗೆ ದಕ್ಕುವುದಿಲ್ಲ. ಲೀಟರ್ ನೀರಿಗೆ ಮೂರು ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಸ್ವಲ್ಪ ನಿಂಬೆರಸ ಹಿಂಡಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ತರಕಾರಿಗಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ವೆಜಿಟೆಬಲ್ ಸ್ಪೆಷಲ್’ ಎಂಬ ಲಘುಪೋಷಕಾಂಶಗಳ ಮಿಶ್ರಣ ಮಾಡಿಕೊಟ್ಟಿದೆ. ಅದನ್ನೂ ನಿಂಬೆರಸ, ಒಂದಿಷ್ಟು ಶಾಂಪೂ ಬೆರೆಸಿಯೇ ಸಿಂಪಡಿಸುವುದು. ನಿಂಬೆರಸ ನೀರಿನ ಕ್ಷಾರ ಮುರಿಯುತ್ತದೆ, ಶಾಂಪೂ ಇದ್ದರೆ ಹನಿ ಎಲೆಯಿಂದ ಜಾರುವುದಿಲ್ಲ. ಅನುಮಾನವಿದ್ದರೆ ನಿಮ್ಮ ಹತ್ತಿರವೇ ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಮಣ್ಣಿನ ಪರೀಕ್ಷೆಯ ಬಗ್ಗೆ ಅಲ್ಲಿ ವಿಚಾರಿಸಿ.

ಹೆಚ್ಚಾದದ್ದರ ಗುರುತೂ ತಿಳಿದಿರಲಿ, ಏಕೆಂದರೆ ತಾರಸಿ ತೋಟದಲ್ಲಿ ಗಿಡಗಳು ನರಳುವುದು ಹಸಿವಿನಿಂದ ಕಡಿಮೆ, ಅಜೀರ್ಣದಿಂದ ಹೆಚ್ಚು. ಎಲೆಯ ತುದಿ ಒಣಗುವುದು, ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಉಪ್ಪಿನ ಪದರ ಕಟ್ಟುವುದು, ಚಿಗುರು ಮೆತ್ತಗಾಗಿ ಜೋತುಬೀಳುವುದು ಇದರ ಲಕ್ಷಣ. ಆ ಮೆತ್ತನೆಯ ಚಿಗುರಿಗೇ ಗಿಡಹೇನು, ದಾಸವಾಳಕ್ಕಾದರೆ ಹಿಟ್ಟು ತಿಗಣೆ ಮುತ್ತುವುದು. ಔಷಧಿ ಸಿಂಪಡಿಸುವ ಮೊದಲು ಒಂದೂವರೆ ತಿಂಗಳು ಗೊಬ್ಬರ ನಿಲ್ಲಿಸಿ ನೋಡಿ. ಉಪ್ಪು ಕಟ್ಟಿದ ಕುಂಡಕ್ಕೆ ತಳದಿಂದ ಧಾರಾಳ ಹರಿಯುವಷ್ಟು ನೀರನ್ನು ಎರಡು ಮೂರು ಸಲ ನಿಧಾನವಾಗಿ ಸುರಿದು ತೊಳೆಯಿರಿ.

ಅಡುಗೆಮನೆಯ ಗೊಬ್ಬರಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳುವವರು ಬಹಳ. ಅಕ್ಕಿ ತೊಳೆದ ನೀರು ಹಾಕಿ, ತೊಂದರೆಯಿಲ್ಲ, ಅದನ್ನೇ ನಂಬಿ ಕೂರಬೇಡಿ. ಮೊಟ್ಟೆ ಸಿಪ್ಪೆ ಒಡೆದು ಹಾಕಿದರೆ ವರ್ಷಗಟ್ಟಲೆ ಹಾಗೇ ಇರುತ್ತದೆ, ನುಣ್ಣಗೆ ಪುಡಿ ಮಾಡಿದರೆ ಸ್ವಲ್ಪ ಉಪಯೋಗ. ಬಾಳೆಸಿಪ್ಪೆಯಲ್ಲಿ ಪೊಟ್ಯಾಷ್ ಇದೆ, ಆದರೆ ಅದನ್ನು ಕುಂಡದಲ್ಲಿ ಹೂಳುವ ಬದಲು ಕಾಂಪೋಸ್ಟ್ ಡ್ರಮ್ಮಿಗೆ ಹಾಕಿ. ಹಾಲು ಸಕ್ಕರೆ ಬೆರೆತ ಚಹಾ ಚರಟ ಇರುವೆಗೆ ಆಮಂತ್ರಣ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವ ಅಜ್ಜಿಯರ ಪದ್ಧತಿಯನ್ನು ಕಂಡು ನಗಬೇಕಿಲ್ಲ. ಹುಳಿ ಬುಡದ ಮಣ್ಣಿನ ಕ್ಷಾರವನ್ನು ಒಂದಿಷ್ಟು ಮುರಿಯುತ್ತದೆ, ಮಜ್ಜಿಗೆಯಲ್ಲಿ ಅಲ್ಪ ಸಾರಜನಕವೂ ಇದೆ. ಒಂದಕ್ಕೆ ಐದರಷ್ಟು ನೀರು ಸೇರಿಸಿ, ತಿಂಗಳಿಗೊಮ್ಮೆ.

ಈಗ ನಿಮ್ಮ ಏಪ್ರಿಲ್ ಪ್ರಯಾಣ. ಜಾಸ್ತಿ ಗೊಬ್ಬರ ಹಾಕಿಟ್ಟು ಹೋಗಲೇಬೇಡಿ. ವರ್ಷದಲ್ಲೇ ಬಿಸಿಲು ಹೆಚ್ಚಿರುವ ತಿಂಗಳು ಅದು. ನೀರು ಒಂದು ಹೊತ್ತು ತಪ್ಪಿದರೂ ಮಣ್ಣಿನಲ್ಲಿರುವ ಲವಣ ಗಟ್ಟಿಯಾಗಿ ಬೇರಿನಿಂದಲೇ ನೀರು ಎಳೆಯುತ್ತದೆ. ಗೊಬ್ಬರ ತಿಂದ ಕುಂಡ ಮೊದಲು ಒಣಗುತ್ತದೆ, ತಿನ್ನದ ಕುಂಡ ತಡೆದುಕೊಳ್ಳುತ್ತದೆ. ಮಾರ್ಚ್ ಎರಡನೇ ವಾರಕ್ಕೇ ಕುಂಡಗಳಿಗೆ ಗೊಬ್ಬರ ನಿಲ್ಲಿಸಿ. ಹೊರಡುವ ಹಿಂದಿನ ದಿನ ಕುಂಡಗಳನ್ನು ಸಂಜೆಯ ಬಿಸಿಲು ತಾಗದ ಗೋಡೆಯ ಪಕ್ಕ ಒತ್ತೊತ್ತಾಗಿ ಇಟ್ಟು, ಮಣ್ಣಿನ ಮೇಲೆ ಮೂರು ಬೆರಳು ದಪ್ಪ ತೆಂಗಿನ ನಾರು ಅಥವಾ ತರಗೆಲೆ ಹಾಸಿ, ತಳದಿಂದ ಹರಿಯುವವರೆಗೆ ನೀರು ಕೊಡಿ. ನಿಂಬೆ, ಮಲ್ಲಿಗೆಯ ಪಾತಿಗೂ ತೆಂಗಿನ ಒಣಗರಿ ಮುಚ್ಚಿ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಡುವಾಗ ಬೆಳಿಗ್ಗೆ ನೀರು ಹಾಕಿದರೆ ಸಾಕು ಎಂದು ಹೇಳಿ, ಹಿಂಡಿ ಡಬ್ಬಿಯನ್ನು ಮಾತ್ರ ಒಳಗಿಟ್ಟು ಹೋಗಿ. ನೀವು ವಾಪಸಾಗುವ ಹೊತ್ತಿಗೆ ಭರಣಿ ಮಳೆ ಶುರುವಾಗಿರುತ್ತದೆ. ಎರಡು ಮಳೆ ಬಿದ್ದು, ಮಣ್ಣು ಗೇಣುದ್ದ ನೆನೆದ ಮೇಲೆ ಡಬ್ಬಿ ಹೊರಗೆ ತೆಗೆಯಿರಿ.